ಬೆರಳು ತೆಗೆಸುವ ಮುನ್ನ ರಕ್ತದ ಹರಿವು ನೋಡಿಸಿ

ಸಕ್ಕರೆ ಕಾಯಿಲೆಯವರ ಕಾಲ್ಬೆರಳು ಕಪ್ಪಾಗುತ್ತದೆ. ‘ಬೆರಳು ತೆಗೆಯಬೇಕು, ಬಿಟ್ಟರೆ ಮೇಲಕ್ಕೆ ಏರುತ್ತೆ’ ಅನ್ನುತ್ತಾರೆ ಡಾಕ್ಟರು. ಮನೆಯವರು ಗಾಬರಿಯಲ್ಲಿ ಸಹಿ ಹಾಕುತ್ತಾರೆ. ಹೋಗುವುದು ಒಂದು ಬೆರಳು ತಾನೇ ಎಂಬ ಸಮಾಧಾನ ಬೇರೆ. ಮೂರು ವಾರಕ್ಕೆ ಪಕ್ಕದ ಬೆರಳು, ಆಮೇಲೆ ಅರ್ಧ ಪಾದ, ಕೊನೆಗೆ ಮಂಡಿಯ ಕೆಳಗೆ.

ನಂಜನಗೂಡಿನ ನಮ್ಮ ಸೋದರಮಾವನ ಕಾಲು ಹೋದದ್ದು ಹೀಗೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಮುಗಿಸಿ ಬಂದಿದ್ದರು. ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಮಗಳು ಹಜಾರದ ನೆಲದ ಮೇಲೆ ಒದ್ದೆ ಹೆಜ್ಜೆ ನೋಡಿ ಕೇಳುವವರೆಗೂ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಎಂಟು ತಿಂಗಳಲ್ಲಿ ಮೂರು ಆಪರೇಷನ್ ಆಯಿತು. ಅರ್ಧ ಪಾದ ಹೋಗುವವರೆಗೂ ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ನಾವೂ ಕೇಳಲಿಲ್ಲ.

ಸಕ್ಕರೆ ಕಾಯಿಲೆ ಕಾಲಿಗೆ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ನರ ಸತ್ತು ಜೋಮು ಹಿಡಿಯುತ್ತದೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯುವುದಿಲ್ಲ. ಜೊತೆಗೆ ರಕ್ತನಾಳ ಕಿರಿದಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಬೇಗ. ಇಷ್ಟು ತಿಳಿದಿದ್ದರೆ ಸಾಕು.

ಮೊದಲು ಮಾಡಬೇಕಾದದ್ದು, ಕಾಯಲು ಸಮಯ ಇದೆಯೇ ಇಲ್ಲವೇ ಎಂದು ತಿಳಿಯುವುದು. ಗಾಯ ನಾರುತ್ತಿದ್ದರೆ, ಕೀವು ಸೋರುತ್ತಿದ್ದರೆ, ಪಾದ ಊದಿ ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಚಳಿಜ್ವರ ಬಂದರೆ ಆ ದಿನವೇ, ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಕೀವು ತೆಗೆಯಲೇಬೇಕು. ಎರಡನೇ ಅಭಿಪ್ರಾಯ ಕೇಳುತ್ತಾ ಕೂರಬೇಡಿ; ನಂಜು ಏರಿದರೆ ಕಾಲಲ್ಲ, ಜೀವವೇ ಹೋಗುತ್ತದೆ. ಜೀವ ಉಳಿಸಲು ಕಾಲು ತೆಗೆಯಲೇಬೇಕಾದ ಸಂದರ್ಭವೂ ಉಂಟು, ಅದನ್ನು ತಪ್ಪು ಎನ್ನಲಾಗದು. ಆದರೆ ಬೆರಳು ಒಣಗಿ ಕಪ್ಪಾಗಿ, ವಾಸನೆ ಜ್ವರ ಏನೂ ಇಲ್ಲದಿದ್ದರೆ ಪರೀಕ್ಷೆ ಮಾಡಿಸಲು ಕೆಲವು ದಿನ ಸಿಗುತ್ತದೆ. ಆ ದಿನಗಳನ್ನು ವ್ಯರ್ಥ ಮಾಡಬೇಡಿ.

ನಾನು ಒತ್ತಿ ಹೇಳಬೇಕಾದದ್ದು ಇನ್ನು ಮುಂದಿನದು. ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಈ ಕಾಲಿಗೆ ರಕ್ತ ಎಷ್ಟು ಬರ್ತಿದೆ?’ ಪಾದದ ಮೇಲ್ಭಾಗದಲ್ಲಿ ಒಂದು, ಒಳಬದಿಯ ಹರಡಿನ ಹಿಂದೆ ಇನ್ನೊಂದು ನಾಡಿ ಇದೆ. ಡಾಕ್ಟರು ಅವೆರಡನ್ನೂ ಕೈಯಿಟ್ಟು ನೋಡಬೇಕು. ನಾಡಿ ಸಿಗದಿದ್ದರೆ ಪೆನ್ನಿನಂಥ ಡಾಪ್ಲರ್ ಇಟ್ಟು ಕೇಳುತ್ತಾರೆ. ರಕ್ತ ಹರಿಯುತ್ತಿದ್ದರೆ ಛಸ್ ಛಸ್ ಎಂದು ಸದ್ದು ಬರುತ್ತದೆ. ಕೊನೆಗೂ ಒಬ್ಬ ಡಾಕ್ಟರು ನಮ್ಮ ಮಾವನ ಪಾದಕ್ಕೆ ಅದನ್ನು ಇಟ್ಟಾಗ ಗರಗರ ಬಿಟ್ಟು ಏನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅರ್ಧ ಪಾದ ಹೋಗಿತ್ತು.

ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ಬರುವ ಸಂಖ್ಯೆಯನ್ನು ಎಬಿಐ ಎನ್ನುತ್ತಾರೆ. ಅದು 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಟ್ಟಿದೆ ಎಂದರ್ಥ. ಮೋಸ ಹೋಗುವುದು ಇಲ್ಲೇ. ಹಳೆಯ ಸಕ್ಕರೆ ಕಾಯಿಲೆಯವರ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಬಿಗಿದರೂ ಅದು ಒತ್ತುವುದಿಲ್ಲ. ಆಗ ಸಂಖ್ಯೆ 1.3 ದಾಟಿ ಬರುತ್ತದೆ. ‘ಚೆನ್ನಾಗಿದೆ’ ಎಂದು ಮನೆಗೆ ಕಳಿಸಿದರೆ ನಂಬಬೇಡಿ. ಕಾಲ್ಬೆರಳಿನ ರಕ್ತದೊತ್ತಡವನ್ನೇ ಅಳೆಯಲು ಕೇಳಿ. ಅದು 30 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ರಕ್ತದ ದಾರಿ ಬಿಡಿಸದೆ ಬೆರಳು ಕತ್ತರಿಸಿದರೂ ಆ ಗಾಯ ಮಾಯುವುದು ಬಹಳ ಕಷ್ಟ. ನೀರಿಲ್ಲದ ಗದ್ದೆಯಲ್ಲಿ ಕಳೆ ಕಿತ್ತ ಹಾಗೆ. ಒಂದೊಂದೇ ಬೆರಳು ತೆಗೆಯುತ್ತಾ ಮೇಲಕ್ಕೆ ಹೋಗುವ ಎಷ್ಟೋ ಕೇಸುಗಳ ಮೂಲ ಇದೇ.

ರಕ್ತನಾಳ ಕಟ್ಟಿದೆ ಎಂದಾದರೆ ಆಂಜಿಯೋಗ್ರಾಮ್ ಮಾಡಿ ಎಲ್ಲಿ ಎಂದು ನೋಡುತ್ತಾರೆ. ಅದಕ್ಕೆ ಹಾಕುವ ಔಷಧ ಮೂತ್ರಪಿಂಡಕ್ಕೆ ಭಾರ. ಕ್ರಿಯಾಟಿನಿನ್ ರಿಪೋರ್ಟು ಮೊದಲೇ ತೋರಿಸಿ. ಹೃದಯಕ್ಕೆ ಮಾಡುವಂತೆಯೇ ತೊಡೆಸಂದಿಯಿಂದ ತಂತಿ ತೂರಿಸಿ ಬಲೂನಿನಿಂದ ದಾರಿ ಬಿಡಿಸುವುದು ಒಂದು ವಿಧಾನ. ರೋಗಿಯ ಕಾಲಿನದೇ ಇನ್ನೊಂದು ರಕ್ತನಾಳ ತೆಗೆದು ಬೈಪಾಸ್ ಹಾಕುವುದು ಮತ್ತೊಂದು. ರಕ್ತ ಬಂದ ಮೇಲೆ ಸತ್ತ ಭಾಗವನ್ನಷ್ಟೇ ತೆಗೆದು, ಬೇಕಾದರೆ ತೊಡೆಯ ಚರ್ಮ ಕಸಿ ಮಾಡುತ್ತಾರೆ. ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಅಂದರೆ ಇದೇ. ಎಲ್ಲರಿಗೂ ಫಲಿಸುವುದಿಲ್ಲ, ಆದರೆ ಕೇಳದೆ ಬಿಡುವಂಥದ್ದಲ್ಲ.

ಮೈಸೂರಿನವರು ಕೆ.ಆರ್. ಆಸ್ಪತ್ರೆ ಇಲ್ಲವೇ ಜೆಎಸ್‌ಎಸ್ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ತೋರಿಸಿ, ರಕ್ತನಾಳದ ವಿಷಯಕ್ಕೆ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಂಗಳೂರಿಗೆ ಹೋಗುವುದಾದರೆ ಅಲ್ಲಿ ರಕ್ತನಾಳದ ಶಸ್ತ್ರಚಿಕಿತ್ಸೆಗೆಂದೇ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವಾಸ್ಕ್ಯುಲರ್ ಸೈನ್ಸಸ್ ಇದೆ. ಹಳೆಯ ರಿಪೋರ್ಟುಗಳ ಜೊತೆಗೆ ಮೊಬೈಲಿನಲ್ಲಿ ದಿನವೂ ತೆಗೆದ ಗಾಯದ ಫೋಟೋ ಇದ್ದರೆ ಡಾಕ್ಟರಿಗೆ ಬಹಳ ಅನುಕೂಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಂಡು ಪ್ಯಾಕೇಜ್ ಕೇಳಿ.

ಆಪರೇಷನ್ ಆದ ಮೇಲೆ ಗಾಯದ ಮೇಲೆ ಭಾರ ಹಾಕಿ ನಡೆಯಬಾರದು. ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಗಾಯ ಮಾಯ್ದ ಮೇಲೆ ಮೃದು ರಬ್ಬರಿನ ಎಂಸಿಆರ್ ಚಪ್ಪಲಿ ಹಾಕಿ, ಮನೆಯೊಳಗೂ. ಬಿಸಿನೀರಲ್ಲಿ ಕಾಲು ಅದ್ದಬೇಡಿ, ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವ ಹರಕೆ ಇದ್ದರೆ, ಕಾಲಿಗೆ ಜೋಮು ಇರುವವರು ದಯವಿಟ್ಟು ಬರಿಗಾಲಲ್ಲಿ ಹತ್ತಬೇಡಿ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಅಂಗಾಲನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ.