ಸಂಖ್ಯೆ ಬರೆದ ಚೀಲಗಳು

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಹಡಗು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದ ಸಂಗತಿಯನ್ನು ಕೇಳದವರು ವಿರಳ. ಅಂದು ಸುಮಾರು ಒಂದೂವರೆ ಸಾವಿರ ಮಂದಿ ಅಸುನೀಗಿದರು. ಆದರೆ ನೀರಿನ ಮೇಲೆ ತೇಲುತ್ತಿದ್ದ ಶವಗಳೂ ಅವುಗಳ ಮೈಮೇಲಿದ್ದ ವಸ್ತುಗಳೂ ಏನಾದವೆಂಬುದನ್ನು ಬಲ್ಲವರು ಕೆಲವರೇ.

ಎರಡು ದಿನಗಳ ಬಳಿಕ ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಮ್ಯಾಕೆ-ಬೆನೆಟ್ ಎಂಬ ಹಡಗು ಹೊರಟಿತು. ಕಡಲ ತಳದಲ್ಲಿ ತಂತಿ ಹಾಸುವುದು ಅದರ ಕಸುಬು. ಈ ಸಲ ಅದು ಹೇರಿಕೊಂಡದ್ದು ಮಂಜುಗಡ್ಡೆಯನ್ನೂ ಶವಪೆಟ್ಟಿಗೆಗಳನ್ನೂ. ಶವಗಳ ಗುರುತು ತಪ್ಪದಂತೆ ಮರಣ ನೋಂದಣಿಯ ಅಧಿಕಾರಿ ಜಾನ್ ಹೆನ್ರಿ ಬಾರ್ನ್‌ಸ್ಟೆಡ್ ಒಂದು ಕ್ರಮವನ್ನು ರೂಪಿಸಿದ್ದನು. ನೀರಿನಿಂದ ಎತ್ತಿದ ಪ್ರತಿಯೊಂದು ದೇಹಕ್ಕೂ ಒಂದು ಸಂಖ್ಯೆ. ಅದೇ ಸಂಖ್ಯೆಯ ಒಂದು ಪುಟ್ಟ ಕ್ಯಾನ್ವಾಸ್ ಚೀಲ. ಗಡಿಯಾರ, ಉಂಗುರ, ಬೀಗದ ಕೈ, ಕಾಗದ, ಹಣ—ಮೈಮೇಲೆ ದೊರೆತುದೆಲ್ಲವೂ ಆ ಚೀಲಕ್ಕೆ ಸೇರಬೇಕು. ಕೂದಲ ಬಣ್ಣ, ಅಂದಾಜು ವಯಸ್ಸು, ಉಡುಪು, ಮೈಮೇಲಿನ ಗುರುತು ಇವೆಲ್ಲ ದಾಖಲೆ ಪುಸ್ತಕಕ್ಕೆ ಏರಬೇಕು.

ದೊರೆತ 306 ದೇಹಗಳಲ್ಲಿ 116ನ್ನು ಕಡಲಿಗೇ ಒಪ್ಪಿಸಲಾಯಿತು. ಹೀಗೆ ಕಡಲ ಪಾಲಾದವರಲ್ಲಿ ಬಡ ಪ್ರಯಾಣಿಕರೂ ಹಡಗಿನ ಕೆಲಸಗಾರರೂ ಹೆಚ್ಚು. ಸಾವಿನಲ್ಲಿಯೂ ಅಂತಸ್ತು ಅಳಿಯಲಿಲ್ಲವೆನ್ನಬೇಕು. ಆದರೂ ಅವರ ಚೀಲಗಳು ದಡ ಸೇರಿದವು. ದೇಹ ಕಾಣದ ಬಂಧುಗಳಿಗೆ ಆ ಚೀಲವೇ ಸಾಕ್ಷಿಯಾಯಿತು. 1917ರಲ್ಲಿ ಅದೇ ಬಂದರಿನಲ್ಲಿ ಮದ್ದುಗುಂಡುಗಳ ಹಡಗು ಸಿಡಿದು ಸುಮಾರು ಎರಡು ಸಾವಿರ ಜನ ಮಡಿದಾಗಲೂ ಇದೇ ಕ್ರಮವನ್ನು ಅನುಸರಿಸಿದರು.

ಟೈಟಾನಿಕ್ ಮೃತರ ಬಟ್ಟೆಬರೆಗಳನ್ನು ಮಾತ್ರ ಸುಡಬೇಕೆಂಬ ಆಜ್ಞೆಯಿತ್ತು. ದುರಂತದ ಕುರುಹುಗಳನ್ನು ಕೂಡಿಸಿಡುವ ಚಪಲದವರ ಕೈಗೆ ಅವು ಸಿಕ್ಕಬಾರದಲ್ಲವೆ? ನಾಲ್ಕನೆಯ ಸಂಖ್ಯೆಯ ದೇಹ ಒಂದು ಗಂಡು ಮಗುವಿನದು. ಅದರ ಹೆಸರು ತಿಳಿಯದು. ಕೇಳಿಕೊಂಡು ಬಂದವರೂ ಇಲ್ಲ. ಆ ಮಗುವಿನ ಪುಟ್ಟ ಪಾದರಕ್ಷೆಗಳನ್ನು ಬೆಂಕಿಗೆ ಹಾಕಲು ಕ್ಲಾರೆನ್ಸ್ ನಾರ್ತೋವರ್ ಎಂಬ ಪೊಲೀಸಿನವನಿಗೆ ಮನಸ್ಸು ಬಾರದೆ ತನ್ನ ಮೇಜಿನ ಖಾನೆಯಲ್ಲಿ ಇರಿಸಿಕೊಂಡನು.

2002ರಲ್ಲಿ ಅವನ ಮೊಮ್ಮಗ ಅವನ್ನು ಹ್ಯಾಲಿಫ್ಯಾಕ್ಸಿನ ವಸ್ತು ಸಂಗ್ರಹಾಲಯಕ್ಕೆ ಒಪ್ಪಿಸಿದನು. ಅದೇ ವರ್ಷ ವಿಜ್ಞಾನಿಗಳು ಗೋರಿಯಲ್ಲಿ ದೊರೆತ ಅವಶೇಷಗಳನ್ನು ಪರೀಕ್ಷಿಸಿ, ಆ ಮಗು ಫಿನ್‌ಲೆಂಡಿನ ಹದಿಮೂರು ತಿಂಗಳ ಕೂಸೆಂದು ಹೇಳಿದರು. ಆದರೆ ಪಾದರಕ್ಷೆಗಳು ಆ ವಯಸ್ಸಿನ ಕೂಸಿನ ಕಾಲಿಗೆ ದೊಡ್ಡವು! ಸಂದೇಹ ಬಲಿತು ಮತ್ತೆ ಪರೀಕ್ಷೆ ನಡೆಯಿತು. 2007ರಲ್ಲಿ ನಿಜ ಹೊರಬಿದ್ದಿತು: ಮಗು ಇಂಗ್ಲೆಂಡಿನ ಸಿಡ್ನಿ ಗುಡ್ವಿನ್, ವಯಸ್ಸು ಹತ್ತೊಂಬತ್ತು ತಿಂಗಳು. ತಾಯಿತಂದೆ, ಐವರು ಒಡಹುಟ್ಟಿದವರು ಅವನೊಡನೆಯೇ ಮಡಿದಿದ್ದರು. ಆ ಎಂಟು ಮಂದಿಯಲ್ಲಿ ದೇಹದ ಗುರುತು ಸಿಕ್ಕಿದ್ದು ಅವನೊಬ್ಬನದೇ.