ಅಸ್ತೇಯ: ಬಾಗಿಲಿಗೆ ಬಂದ ಎರಡನೆಯ ಪೆಟ್ಟಿಗೆ



ಪತಂಜಲಿಯ ಯೋಗಸೂತ್ರಗಳಲ್ಲಿ ಹೇಳಿರುವ ಐದು ಯಮಗಳಲ್ಲಿ ಮೂರನೆಯದು ಅಸ್ತೇಯ, ಅಂದರೆ ಕದಿಯದಿರುವುದು. ಅಹಿಂಸೆ, ಸತ್ಯಗಳ ಬಗ್ಗೆ ಓದುವಾಗ ನಮಗೆಲ್ಲ ಒಳಗೊಳಗೇ ಸ್ವಲ್ಪ ಅಳುಕು ಇರುತ್ತದೆ. ಅಸ್ತೇಯ ಎಂದ ಕೂಡಲೇ ಮಾತ್ರ "ನಾವೇನು ಕಳ್ಳರೇ?" ಎಂದು ಪುಟ ತಿರುಗಿಸಿಬಿಡುತ್ತೇವೆ. ನಾನೂ ಹಾಗೆಯೇ ಇದ್ದೆ, ಕಳೆದ ತಿಂಗಳು ಮನೆ ಬಾಗಿಲಿಗೆ ಒಂದರ ಬದಲು ಎರಡು ಪೆಟ್ಟಿಗೆ ಬರುವ ತನಕ.

ತರಿಸಿದ್ದು ಒಂದು ವೆಟ್ ಗ್ರೈಂಡರ್, ಬಂದದ್ದು ಎರಡು. ಬಿಲ್ಲು ಒಂದೇ. ಕಾರ್ಡಿನಿಂದ ಹಣ ಹೋಗಿದ್ದೂ ಒಂದಕ್ಕೇ. ಆ ಭಾನುವಾರ ದೋಸೆಗೆ ಬಂದಿದ್ದ ಸ್ನೇಹಿತರೊಬ್ಬರು, "ಇಟ್ಕೊಳ್ಳಿ ಸಾರ್, ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ" ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. 1970ರ ಅಂಚೆ ಸುಧಾರಣಾ ಕಾಯಿದೆಯ ಪ್ರಕಾರ, ನಾವು ಕೇಳದೆಯೇ ಅಂಚೆಯಲ್ಲಿ ಕಳಿಸಿದ ಸರಕನ್ನು ಉಡುಗೊರೆ ಎಂದು ಇಟ್ಟುಕೊಳ್ಳಬಹುದು, ಹಣ ಕೊಡಬೇಕಾಗಿಲ್ಲ. ಆದರೆ ಆ ಕಾನೂನು ಬಂದದ್ದು ಯಾಕೆ? ಯಾರೂ ಕೇಳದ ವಸ್ತುವನ್ನು ಬೇಕೆಂದೇ ಮನೆಗೆ ಕಳಿಸಿ, ಆಮೇಲೆ ಹಣಕ್ಕೆ ಪೀಡಿಸುತ್ತಿದ್ದ ವ್ಯಾಪಾರಿಗಳನ್ನು ತಡೆಯಲಿಕ್ಕೆ. ಪ್ಯಾಕಿಂಗ್‌ನಲ್ಲಿ ನಿಜವಾಗಿ ಎಡವಿದವನ ಮೇಲೆ ಅದನ್ನು ಬೀಸುವುದು ಎಷ್ಟು ಸರಿ? ಅಂಥ ಪ್ರಾಮಾಣಿಕ ತಪ್ಪಾಗಿದ್ದರೆ ಅಂಗಡಿಗೆ ತಿಳಿಸಿ, ಅವರ ಖರ್ಚಿನಲ್ಲಿ ವಾಪಸ್ ಕಳಿಸಲು ಸಿದ್ಧರೆಂದು ಹೇಳಿ ಎಂಬುದೇ ಫೆಡರಲ್ ಟ್ರೇಡ್ ಕಮಿಷನ್ ಗ್ರಾಹಕರಿಗೆ ಕೊಟ್ಟಿದ್ದ ಸಲಹೆ. ನಮ್ಮ ಭಾರತದ ಕಾನೂನು ಇನ್ನೂ ನೇರ. 1872ರ ಕರಾರು ಕಾಯಿದೆಯ 72ನೇ ಕಲಮಿನ ಪ್ರಕಾರ, ತಪ್ಪಿನಿಂದ ಕೈಸೇರಿದ ಹಣವನ್ನಾಗಲಿ ವಸ್ತುವನ್ನಾಗಲಿ ಹಿಂದಿರುಗಿಸಲೇಬೇಕು.

"ಕಂಪ್ಯೂಟರ್ ಮಾಡಿದ ತಪ್ಪು, ಅಷ್ಟು ದೊಡ್ಡ ಕಂಪನಿಗೆ ಏನು ನಷ್ಟ?" ಎಂಬುದು ಎರಡನೆಯ ವಾದ. ಇದಕ್ಕೆ ನಾನು ವೃತ್ತಿಯಿಂದಲೇ ಉತ್ತರ ಹೇಳಬಲ್ಲೆ. ಆರ್ಡರ್ ಕಳಿಸಿದ ಪ್ರೋಗ್ರಾಮಿಗೆ ಸಮಯಕ್ಕೆ ಸರಿಯಾಗಿ ಉತ್ತರ ಬಾರದಿದ್ದರೆ ಅದು ಇನ್ನೊಮ್ಮೆ ಕಳಿಸುತ್ತದೆ. ಮೊದಲನೆಯದೂ ತಲುಪಿತ್ತೆಂಬುದನ್ನು ಗುರುತಿಸುವ ಕೋಡ್ ಯಾರೋ ಬರೆದಿರಬೇಕು. ಬರೆಯಲು ಮರೆತರೆ ಗೋದಾಮಿನಿಂದ ಎರಡು ಪೆಟ್ಟಿಗೆ ಹೊರಡುತ್ತವೆ. ಹಾಗೆ ಮರೆತು ರಾತ್ರಿ ಎರಡು ಗಂಟೆಗೆ ಫೋನಿಗೆ ಎದ್ದವರಲ್ಲಿ ನಾನೂ ಒಬ್ಬ! ಕಂಪ್ಯೂಟರಿನ ತಪ್ಪು ಎಂದು ನಾವು ಕೈತೊಳೆದುಕೊಳ್ಳುವುದರ ಹಿಂದೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಸಣ್ಣ ಅಂಗಡಿಯಾದರೆ ಆ ನಷ್ಟ ಕ್ಯಾಷ್ ಕೌಂಟರಿನ ಹುಡುಗನ ಸಂಬಳಕ್ಕೇ ಬಂದರೂ ಬಂದೀತು.

ಇನ್ನು ನೃಗ ಮಹಾರಾಜನ ಕಥೆ. ಮಹಾಭಾರತದ ಅನುಶಾಸನ ಪರ್ವದಲ್ಲೂ ಭಾಗವತದ ದಶಮ ಸ್ಕಂಧದಲ್ಲೂ ಬರುತ್ತದೆ. ಲೆಕ್ಕವಿಲ್ಲದಷ್ಟು ಗೋದಾನ ಮಾಡಿದ ರಾಜ. ಒಮ್ಮೆ ಒಬ್ಬ ಬ್ರಾಹ್ಮಣನ ಹಸು ತಪ್ಪಿಸಿಕೊಂಡು ರಾಜನ ಮಂದೆಗೆ ಸೇರಿತು. ಯಾರಿಗೂ ಗೊತ್ತಾಗಲಿಲ್ಲ. ರಾಜ ಅದನ್ನೂ ತನ್ನದೆಂದೇ ತಿಳಿದು ಇನ್ನೊಬ್ಬನಿಗೆ ದಾನ ಕೊಟ್ಟ. ಮೊದಲಿನವನು ದಾರಿಯಲ್ಲಿ ತನ್ನ ಹಸುವನ್ನು ಗುರುತಿಸಿದ, ಇಬ್ಬರೂ ಜಗಳವಾಡುತ್ತಾ ಅರಮನೆಗೆ ಬಂದರು. ರಾಜ ಬದಲಿಗೆ ಬೇಕಾದಷ್ಟು ಹಸು ಕೊಡುತ್ತೇನೆಂದರೂ ಇಬ್ಬರೂ ಒಪ್ಪಲಿಲ್ಲ. ಸತ್ತ ಮೇಲೆ ನೃಗ ಓತಿಯಾಗಿ ಬಾವಿಯಲ್ಲಿ ಬಿದ್ದಿದ್ದು, ಕೊನೆಗೆ ಕೃಷ್ಣನ ಸ್ಪರ್ಶದಿಂದ ಬಿಡುಗಡೆ ಪಡೆದ.

ಚಿಕ್ಕಂದಿನಲ್ಲಿ ಅಜ್ಜಿ ಇದನ್ನು ಹೇಳಿದಾಗ ನನಗೆ ಸಿಟ್ಟು ಬರುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಕ್ಕೆ ಶಿಕ್ಷೆಯೇ? ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಮಹಾಭಾರತದಲ್ಲಿರುವ ಒಂದು ಸಣ್ಣ ವಿವರ ಈಚೆಗೆ ಕಣ್ಣಿಗೆ ಬಿತ್ತು. ಹಸುವನ್ನು ದಾನ ಪಡೆದವನು ಹೇಳುತ್ತಾನೆ, ತಾಯಿಯ ಹಾಲು ಬಿಟ್ಟ ತನ್ನ ಬಡಕಲು ಮಗುವನ್ನು ಸಾಕುತ್ತಿರುವುದು ಇದೇ ಹಸು, ಹೇಗೆ ಬಿಟ್ಟುಕೊಡಲಿ ಎಂದು. ಅವನು ದುರಾಸೆಯವನಲ್ಲ. ಹಸು ಆಗಲೇ ಅವನ ಮನೆಯ ಬದುಕಿಗೆ ಸೇರಿಹೋಗಿತ್ತು, ಅಷ್ಟೇ. ಮಂದೆಗೆ ಒಂದು ಹಸು ಹೆಚ್ಚಾಗಿ ಬಂದ ದಿನವೇ ರಾಜನ ಗೋಪಾಲಕರು ಎಣಿಸಿದ್ದರೆ ವಿಷಯ ಒಂದು ಹಗ್ಗದಲ್ಲಿ ಮುಗಿಯುತ್ತಿತ್ತು.

ಈ ವಿಷಯದಲ್ಲಿ ನನಗೆ ತಿಳಿದದ್ದು ಇಷ್ಟು: ತಪ್ಪಾಗಿ ಬಂದದ್ದು ಕಳ್ಳತನವಲ್ಲ. ಗೊತ್ತಾದ ಮೇಲೆ ಸುಮ್ಮನಿರುವ ಪ್ರತಿ ದಿನವೂ ಅದನ್ನು ನಮ್ಮದಾಗಿಸುತ್ತಾ ಹೋಗುತ್ತದೆ. ಹಾಗಾಗಿ ಪೆಟ್ಟಿಗೆ ಒಡೆಯುವ ಮೊದಲೇ ಫೋನ್ ಮಾಡಬೇಕು. ಹದಿನೈದು ಕಿಲೋ ಭಾರವನ್ನು ನಮ್ಮ ಖರ್ಚಿನಲ್ಲಿ ಹೊತ್ತುಕೊಂಡು ಹೋಗಬೇಕೆಂದು ಅಸ್ತೇಯ ಕೇಳುವುದಿಲ್ಲ, ಅವರೇ ಬಂದು ಒಯ್ಯಲಿ. "ನೀವೇ ಇಟ್ಟುಕೊಳ್ಳಿ" ಎಂದು ಅಂಗಡಿಯವರೇ ಹೇಳಿದರೆ ಅದು ನಿಜವಾದ ಉಡುಗೊರೆ, ಸಂಕೋಚವಿಲ್ಲದೆ ಇಟ್ಟುಕೊಳ್ಳಬಹುದು.

ನಾನು ಮಾತ್ರ ಎಲ್ಲ ಸಲ ಹೀಗೆ ಮಾಡಿದವನಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಸಣ್ಣ ಅಂಗಡಿಯಿಂದ ಒಂದು ಕ್ಯಾಮೆರಾಕ್ಕೆ ಎರಡು ಬಂದಿದ್ದವು. ಎರಡನೆಯದನ್ನು ರೂಮ್‌ಮೇಟ್‌ಗೆ ಅರ್ಧ ಬೆಲೆಗೆ ಮಾರಿದೆ, ಬಂದ ಹಣದಲ್ಲಿ ಊರಿಗೆ ಹೋಗುವಾಗ ಎಲ್ಲರಿಗೂ ಚಾಕೊಲೇಟ್ ಒಯ್ದೆ.

ಗ್ರೈಂಡರ್ ಬಗ್ಗೆ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಒಂದು ಬಂದಿಲ್ಲವೇ?" ಎಂದು ಮೂರು ಸಲ ಕೇಳಿದರು. ಹೆಚ್ಚಾಗಿ ಬಂದಿದೆ ಎಂದು ದಾಖಲಿಸಲು ಅವರ ಪರದೆಯಲ್ಲಿ ಜಾಗವೇ ಇರಲಿಲ್ಲವಂತೆ! ಮುಕ್ಕಾಲು ಗಂಟೆಯ ನಂತರ ಸೂಪರ್‌ವೈಸರ್ ಬಂದರು. ಗುರುವಾರ ಲಾರಿಯವರು ಪೆಟ್ಟಿಗೆ ಒಯ್ದರು. ಆ ಸಂಜೆ ಕ್ಯಾಮೆರಾ ಅಂಗಡಿಯ ಹೆಸರನ್ನೂ ಹುಡುಕಿದೆ. ಅದು ಮುಚ್ಚಿ ವರ್ಷಗಳೇ ಆಗಿವೆ.