ಈಸೂರಿಗೆ ಮನೆ ಸಾಗಿಸುವ ಮುನ್ನ

ಬೆಂಗಳೂರು ಸಾಕಾಗಿ, ಪುಟ್ಟ ಮಕ್ಕಳೊಂದಿಗೆ ಈಸೂರಿಗೋ ಶಿಕಾರಿಪುರಕ್ಕೋ ಬಂದು ನೆಲೆಸುವ ಆಸೆಯೇ? ಡಿಸೆಂಬರಿನ ತಂಪಿನಲ್ಲಿ ಊರು ನೋಡಿ ತೀರ್ಮಾನಿಸಬೇಡಿ. ಜುಲೈನಲ್ಲಿ ಬನ್ನಿ. ಮಳೆ ಹಿಡಿದು ಕರೆಂಟು ಹೋದರೆ ನಿಮ್ಮ ಲ್ಯಾಪ್‌ಟಾಪ್ ಕೆಲಸ ನಡೆಯುತ್ತದೆಯೇ? ರಾತ್ರಿ ಮಗುವಿಗೆ ಜ್ವರ ಏರಿದರೆ ಶಿಕಾರಿಪುರಕ್ಕೆ, ಅಲ್ಲಿಯೂ ಆಗದಿದ್ದರೆ ಶಿವಮೊಗ್ಗಕ್ಕೆ ಹೋಗಲು ಗಾಡಿ ಸಿಗುತ್ತದೆಯೇ? ಆಗಲೇ ವಿಚಾರಿಸಿಕೊಳ್ಳಿ. ಮೊದಲ ವರ್ಷ ಬಾಡಿಗೆ ಮನೆ ಸಾಕು. ತೋಟದ ಮಾತು ಆಮೇಲೆ. ಶಾಲೆಯ ಟಿ.ಸಿ. ಬೇಸಿಗೆ ರಜೆಯಲ್ಲೇ ಪಡೆಯಿರಿ.

ಸೊರಬದ ಕಡೆ ಕಾಡಂಚಿನಲ್ಲಿ ಮನೆ ಹಿಡಿಯುವವರಿಗೆ ಬೇಸಿಗೆ ಮುಗಿಯುವವರೆಗೂ ಉಣ್ಣಿಯ ಬಗ್ಗೆ ಎಚ್ಚರವಿರಲಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ.

‘ಯಾವೂರು, ಯಾರ ಪೈಕಿ?’ ಎಂದು ದಿನಕ್ಕೆ ಹತ್ತು ಜನ ಕೇಳುತ್ತಾರೆ. ಸಿಡುಕಬೇಡಿ, ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವ ರೀತಿ ಅದು. ನೀವೂ ಊರಿನ ಕಥೆ ಕೇಳಿ. 1942ರಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿತು. ಆ ಬಂಡಾಯದ ಪ್ರಕರಣದಲ್ಲಿ 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಮಕ್ಕಳನ್ನು ಹುತಾತ್ಮರ ಸ್ಮಾರಕಕ್ಕೆ ಕರೆದೊಯ್ಯಿರಿ, ಹಿರಿಯರ ಬಾಯಿಂದ ಕಥೆ ಹೇಳಿಸಿ. ನಡುವೆ ಮೊಬೈಲ್ ತೆಗೆದು ಇಸವಿ ತಿದ್ದಲು ಮಾತ್ರ ಹೋಗಬೇಡಿ.